ಪಾಕ್ ಪಾರ್ತೊನೊ ಮತ್ತು ದಪ್ಪ ಗೆರೆ

ಆ ಸೋಮವಾರ ಬೆಳಿಗ್ಗೆ ಪಾಕ್ ಪಾರ್ತೊನೊ ಅವರ ಬೈಕು ಕಾಲೇಜಿನ ಗೇಟಿನೊಳಗೆ ಹೋಗಲಿಲ್ಲ. ಬೈಕಿನದೇನೂ ತಪ್ಪಿರಲಿಲ್ಲ. ಗೇಟಿಗೆ ಅಡ್ಡಲಾಗಿ ಒಂಬತ್ತು ಹೂಹಲಗೆಗಳು ನಿಂತಿದ್ದವು. ಮಗೆಲಾಂಗ್ ಎಂಬ ಆ ಊರಿನಲ್ಲಿ ಯಾರಿಗಾದರೂ ಮದುವೆಯಾದರೆ, ಬಡ್ತಿ ಸಿಕ್ಕರೆ, ಅಂಗಡಿ ತೆರೆದರೆ, ಅಥವಾ ಸುಮ್ಮನೆ ಸತ್ತರೂ ಸರಿ, ಬೇಕಾದವರು ಆಳೆತ್ತರದ ಹಲಗೆಗೆ ಹೂವು ಚುಚ್ಚಿಸಿ, ಹೂವಿನಲ್ಲೇ ಅಕ್ಷರ ಬರೆಸಿ ಬಾಗಿಲಿಗೆ ಕಳಿಸುತ್ತಾರೆ. ಯಾರ ಬಾಗಿಲಲ್ಲಿ ಎಷ್ಟು ಹಲಗೆ ನಿಂತಿತು ಎಂಬುದರ ಮೇಲೆ ಊರು ಅವರ ಯೋಗ್ಯತೆಯನ್ನು ತೀರ್ಮಾನಿಸುತ್ತದೆ. ಪೇಟೆಯ ದೊಡ್ಡ ಬಟ್ಟೆ ಅಂಗಡಿ ತೆರೆದ ದಿನವೂ ಏಳೇ ಹಲಗೆ ಬಂದಿದ್ದವು.

ಈ ಒಂಬತ್ತರ ಮೇಲೂ ಒಂದೇ ಹೆಸರಿತ್ತು. ‘ಅಭಿನಂದನೆಗಳು ಬು ಪಲುಪಿ.’ ‘ರಸಾಯನ ವಿಭಾಗದ ಹೆಮ್ಮೆ ಬು ಪಲುಪಿ.’ ಹಳದಿ ಸೇವಂತಿಗೆಯ ಒಂದು ಹಲಗೆಯಲ್ಲಂತೂ ಹೆಸರಿನ ಸುತ್ತ ಗುಲಾಬಿಯ ಚೌಕಟ್ಟು ಬೇರೆ.

ಪಾಕ್ ಪಾರ್ತೊನೊ ಬೈಕಿನಿಂದ ಇಳಿಯದೆಯೇ ಗೇಟಿನವನನ್ನು ಕೇಳಿದರು. “ಇದೆಲ್ಲ ಏನಯ್ಯಾ?”

“ಅದೇನೋ ನಕ್ಷೆಯಂತೆ ಪಾಕ್. ಲೋಕದ ನಕ್ಷೆಯಲ್ಲಿ ಬು ಪಲುಪಿ ಬಂದ್ಬಿಟ್ಟಿದಾರಂತೆ.”

“ಲೋಕದ ನಕ್ಷೇಲಿ ನಾವೆಲ್ಲರೂ ಇದೀವಲ್ಲೋ!”

“ನೀವೂ ಇದೀರಾ ಪಾಕ್? ನಿಮ್ಮ ಹಲಗೆ ಕಾಣ್ಲಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ,” ಎಂದ ಅವನು, ಕಪಟವಿಲ್ಲದೆ.

ಪಾಕ್ ಎಂದರೆ ಅಪ್ಪ, ಬು ಎಂದರೆ ಅಮ್ಮ. ಅಲ್ಲಿ ಗೌರವ ಉಳ್ಳವರನ್ನೆಲ್ಲ ಹಾಗೆಯೇ ಕರೆಯುವುದು. ಪಾಕ್ ಪಾರ್ತೊನೊ ಶಿಕ್ಷಕರನ್ನು ತಯಾರಿಸುವ ಆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಪ್ರಯೋಗಾಲಯದ ಕೈಪಿಡಿಯನ್ನು ಅವರೇ ಬರೆದಿದ್ದರು. ಅದರಲ್ಲಿ ಹನ್ನೆರಡು ಪ್ರಯೋಗಗಳಿದ್ದವು. ಇಪ್ಪತ್ತೆರಡು ವರ್ಷಗಳಲ್ಲಿ ಹದಿಮೂರನೆಯದು ಸೇರಿರಲಿಲ್ಲ, ಹನ್ನೆರಡರಲ್ಲಿ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಹೀಗಿರುವಾಗ ನಿನ್ನೆ ಮೊನ್ನೆ ತಮ್ಮ ಕೈಕೆಳಗೆ ಕಲಿತ ಹುಡುಗಿಗೆ ಒಂಬತ್ತು ಹಲಗೆ! ಅವರಿಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇಕೆ, ಚೆನ್ನಾಗಿಯೇ ಉರಿಯಿತು.

ಆ ಹುಡುಗಿಯನ್ನು ಅವರು ಮರೆತಿರಲಿಲ್ಲ. ಹದಿನೇಳು ವರ್ಷಗಳ ಹಿಂದೆ ವಿನೆಗರಿನ ಹುಳಿ ಅಳೆಯುವ ನಾಲ್ಕನೆಯ ಪ್ರಯೋಗದಲ್ಲಿ, ಬಣ್ಣ ಬದಲಿಸಿ ಹುಳಿ ತೋರಿಸಲು ಕೈಪಿಡಿ ಹೇಳಿದ ದ್ರಾವಣ ಬಿಟ್ಟು, ಮನೆಯ ಬೇಲಿಯಿಂದ ಕಿತ್ತು ತಂದ ಶಂಖಪುಷ್ಪದ ನೀಲಿ ನೀರನ್ನು ಸುರಿದವಳು ಅವಳು. ಪಾಸಾಗಲು ಐವತ್ತಾರು ಬೇಕಿತ್ತು. ಪಾಕ್ ಪಾರ್ತೊನೊ ಐವತ್ತೈದು ಕೊಟ್ಟಿದ್ದರು. ಆ ಒಂದು ಅಂಕದಲ್ಲಿ ರಸಾಯನಶಾಸ್ತ್ರದ ಮಾನ ಉಳಿಯಿತೆಂದು ಅವರಿಗೆ ಆಗ ಸಮಾಧಾನವಾಗಿತ್ತು.

ಅದೇ ಪಲುಪಿ ಈಗ ಸಭಾಂಗಣದಲ್ಲಿ ಪರದೆಯ ಮುಂದೆ ನಿಂತು ನಕ್ಷೆ ತೋರಿಸುತ್ತಿದ್ದಳು. ರಸಾಯನ ಕಲಿಕೆಯಲ್ಲಿ ಮಕ್ಕಳ ವೈಜ್ಞಾನಿಕ ಸೃಜನಶೀಲತೆಯ ಬಗ್ಗೆ ಹತ್ತು ವರ್ಷಗಳಲ್ಲಿ ಲೋಕದಲ್ಲಿ ಯಾರು ಯಾರು ಏನೇನು ಬರೆದರು ಎಂಬುದನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿದರೆ ಅದು ಇಂಥ ನಕ್ಷೆ ಕೊಡುತ್ತದೆ. ಬರೆದವರೊಬ್ಬೊಬ್ಬರಿಗೂ ಒಂದು ವೃತ್ತ. ಇತರರು ಅವರನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೋ ವೃತ್ತ ಅಷ್ಟು ದೊಡ್ಡದು. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದ್ದರೆ ಇಬ್ಬರ ನಡುವೆ ಗೆರೆ. ಮತ್ತೆ ಮತ್ತೆ ಉಲ್ಲೇಖಿಸಿದ್ದರೆ ದಪ್ಪ ಗೆರೆ.

ಪಲುಪಿಯ ವೃತ್ತ ಹಲಸಿನ ಹಣ್ಣಿನಷ್ಟಿತ್ತು.

ಪಾಕ್ ಪಾರ್ತೊನೊ ಕನ್ನಡಕ ಒರೆಸಿಕೊಂಡು ಪರದೆಯ ಈ ತುದಿಯಿಂದ ಆ ತುದಿಗೆ ತಮ್ಮ ಹೆಸರು ಹುಡುಕಿದರು. ತುರ್ಕಿಯವರು ಸಿಕ್ಕರು, ಕೊರಿಯದವರು ಸಿಕ್ಕರು. ಕೊನೆಗೆ ಎಡಗಡೆ ಮೂಲೆಯಲ್ಲಿ, ಯಾರ ಜೊತೆಗೂ ಗೆರೆಯ ಸಂಬಂಧವಿಲ್ಲದೆ ಒಂಟಿಯಾಗಿ ಕೂತ ಒಂದು ಪುಟ್ಟ ಕಪ್ಪು ಚುಕ್ಕೆ ಕಂಡಿತು. ಅವರ ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ಕಚೇರಿಯ ಗಿಲಾಂಗನನ್ನು ತಿವಿದು, “ಆ ಮೂಲೇಲಿರೋದು ನಾನೇ ಅಲ್ವೇನೋ?” ಎಂದರು.

ಗಿಲಾಂಗ್ ಕಾಲೇಜಿನವರ ಉಲ್ಲೇಖಗಳ ಲೆಕ್ಕ ಇಡುವವನು, ಸತ್ಯವಂತ. ಎದ್ದು ಹೋಗಿ, ಪರದೆಗೆ ಮೂಗು ತಾಗಿಸಿ ನೋಡಿ, ಅಲ್ಲಿಂದಲೇ ಕೂಗಿ ಹೇಳಿದ.

“ಅಲ್ಲ ಪಾಕ್. ಇದು ಹಲ್ಲಿ ಹಿಕ್ಕೆ.”

ಸಭಾಂಗಣದಲ್ಲಿ ನೂರ ಹತ್ತು ಜನರಿದ್ದರು. ನೂರ ಒಂಬತ್ತು ಜನ ನಕ್ಕರು.

ಸುದ್ದಿ ಅವರಿಗಿಂತ ಮೊದಲು ಮನೆ ಸೇರಿತ್ತು. ಕಾಲೇಜಿನವರ ಹೆಂಡತಿಯರದೊಂದು ವಾಟ್ಸಾಪ್ ಬಳಗವಿತ್ತು. ಅದರಲ್ಲಿ ಒಂಬತ್ತು ಹಲಗೆಗಳ ಒಂಬತ್ತು ಫೋಟೊ ಬಂದಿದ್ದವು. ಪಾಕ್ ಪಾರ್ತೊನೊ ಅವರ ಹೆಂಡತಿ ಬು ವಿನಾರ್ಸಿ ಸೋಯಾ ಕಾಳಿನ ತೆಂಪೆ ಬಿಲ್ಲೆಗಳನ್ನು ಕರಿಯುತ್ತಾ, ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿದರು. “ಪಾಕ್, ನಮ್ಮನೆಗೆ ಇವತ್ತಿನ ತನಕ ಎಷ್ಟು ಹಲಗೆ ಬಂದಿದೆ?”

“ಒಂದು ಬಂದಿದೆ.”

“ಬಂದಿದೆ. ನಮ್ಮಪ್ಪ ಸತ್ತಾಗ. ಅದೂ ನಮ್ಮಪ್ಪನ ಯೋಗ್ಯತೆಗೆ ಬಂದದ್ದು, ನಿಮ್ಮದಕ್ಕಲ್ಲ.”

ಅಂದು ಪಾಕ್ ಪಾರ್ತೊನೊ ತೆಂಪೆ ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ: ಆ ನಕ್ಷೆಯಲ್ಲಿ ತಮ್ಮ ಹೆಸರಿನದೊಂದು ವೃತ್ತ, ನೆಲ್ಲಿಕಾಯಿಯಷ್ಟಾದರೂ ಸರಿ. ಜೊತೆಗೆ ಪಲುಪಿಯ ಹಲಸು ಒಣಗಿ ಕಡಲೆಕಾಯಿಯಾಗಬೇಕು. ಸತ್ಯ ಹೇಳಬೇಕೆಂದರೆ ಎರಡನೆಯದೇ ಹೆಚ್ಚು ಬೇಕಾಗಿತ್ತು.

ಅದಕ್ಕೆ ಅವರು ವಿಜ್ಞಾನದ ದಾರಿಯನ್ನೇ ಹಿಡಿದರು. ಪಲುಪಿ ಬರೆದ ಹದಿನಾಲ್ಕು ಲೇಖನಗಳನ್ನೂ ಅಚ್ಚು ಹಾಕಿಸಿ, ದಾರ ಕಟ್ಟಿ, ಕೆಂಪು ಪೆನ್ನು ಹಿಡಿದು ಕೂತರು. ಕಾಲೇಜಿನ ಚರಿತ್ರೆಯಲ್ಲಿ ಯಾರೂ ಯಾರ ಲೇಖನವನ್ನೂ ಹಾಗೆ ಓದಿರಲಿಲ್ಲ, ಬರೆದವರೇ ಓದಿರಲಿಲ್ಲ. ಮೂರನೆಯ ಲೇಖನದ ಏಳನೆಯ ಪುಟದಲ್ಲಿ ಬ್ಯುರೆಟ್ಟೆಂಬ ಗಾಜಿನ ಕೊಳವೆಯ ಅಳತೆಗೆ ದಶಮಾಂಶದ ಎರಡು ಸ್ಥಾನ ಕೊಡುವ ಕಡೆ ಒಂದೇ ಕೊಟ್ಟದ್ದು ಕಂಡಾಗ ಅವರು ಕುರ್ಚಿಯಿಂದ ಎದ್ದು ನಿಂತು ಕೈ ತಟ್ಟಿದರು. ಒಂಬತ್ತನೆಯದರಲ್ಲಿ ನಲವತ್ತು ಮಕ್ಕಳೆಂದು ಬರೆದು ಕೋಷ್ಟಕದಲ್ಲಿ ಮೂವತ್ತೊಂಬತ್ತೇ ಇದ್ದುದನ್ನು ಕಂಡಾಗ ಹೆಂಡತಿಗೆ ಗೆತುಕ್ ಮಿಠಾಯಿ ತಂದುಕೊಟ್ಟರು.

“ಏನು ವಿಶೇಷ?” ಎಂದರು ಬು ವಿನಾರ್ಸಿ.

“ಒಂದು ಮಗು ಕಾಣೆಯಾಗಿದೆ!” ಎಂದರು ಪಾಕ್ ಪಾರ್ತೊನೊ, ಆನಂದದಿಂದ.

ಆರು ತಿಂಗಳಲ್ಲಿ ಅವರ ಮೊದಲ ಲೇಖನ ಪ್ರಕಟವಾಯಿತು: ಪಲುಪಿಯ ಸಂಶೋಧನೆಯಲ್ಲಿನ ಇಪ್ಪತ್ತಮೂರು ದೋಷಗಳು. ಹೇಳುವುದನ್ನು ಆಧಾರ ಸಮೇತ ಹೇಳಬೇಕೆಂಬ ಶಿಸ್ತಿನವರಾದ್ದರಿಂದ ಹದಿನಾಲ್ಕು ಲೇಖನಗಳನ್ನೂ ಹೆಸರು, ಪುಟ, ವರ್ಷ ಸಹಿತ ಉಲ್ಲೇಖಿಸಿದ್ದರು. ಆಮೇಲೆ ಎರಡನೆಯದು ಬಂತು, ಮೂರನೆಯದು ಬಂತು. ಕೊನೆಯ ವರ್ಷದ ಹನ್ನೊಂದು ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ, ಪ್ರಬಂಧಕ್ಕೆಂದು ತಲೆಗೊಂದು ಪಲುಪಿ ಲೇಖನ ಹಂಚಿ, “ಸುಳ್ಳು ಅಂತ ತೋರಿಸ್ಕೊಂಡು ಬನ್ನಿ,” ಎಂದು ಕಳಿಸಿದರು. ಆ ಪಾಪದ ಹುಡುಗರು ಸುತ್ತಲ ಶಾಲೆಗಳಿಗೆಲ್ಲ ಹೋಗಿ, ಶಂಖಪುಷ್ಪ ಅರೆದು, ಮಕ್ಕಳ ಸೃಜನಶೀಲತೆ ಅಳೆದು, ಹಿಂದಿರುಗಿ, ಸುಳ್ಳೆಂದು ತೋರಿಸಲಾಗದೆ, ಆದರೂ ಉಲ್ಲೇಖಿಸಿ ಬರೆದರು. ಎರಡು ವರ್ಷ ಪಾಕ್ ಪಾರ್ತೊನೊಗೆ ನಿದ್ದೆ ಚೆನ್ನಾಗಿ ಬಂತು, ಮೈ ಕೈ ತುಂಬಿಕೊಂಡವು. ಹೊಟ್ಟೆಕಿಚ್ಚಿಗೆ ಕೈತುಂಬ ಕೆಲಸ ಕೊಟ್ಟರೆ ಅದು ಮನುಷ್ಯನನ್ನು ಎಷ್ಟು ಚೆನ್ನಾಗಿ ಸಾಕುತ್ತದೆ ಎಂಬುದನ್ನು ಯಾರೂ ಇನ್ನೂ ಸಂಶೋಧಿಸಿಲ್ಲ.

ಎರಡು ವರ್ಷ ತುಂಬಿದ ಮೇಲೆ ಒಂದು ದಿನ ಗಿಲಾಂಗನ ಮೇಜಿನ ಮುಂದೆ ಹೋಗಿ ನಿಂತರು. “ಎಲ್ಲಿ, ಹೊಸ ನಕ್ಷೆ ತೆಗಿಯೋ. ಅವಳದು ಎಷ್ಟು ಇಳಿದಿದೆ ನೋಡೋಣ.”

ಗಿಲಾಂಗ್ ಗುಂಡಿ ಒತ್ತಿದ. ಪರದೆಯ ಮೇಲೆ ಮೊದಲು ಏನೂ ಕಾಣಲಿಲ್ಲ, ಬರೀ ಕೆಂಪು.

“ಇದೇನೋ, ಕೆಟ್ಟುಹೋಯ್ತಾ?”

“ಇಲ್ಲ ಪಾಕ್. ಇದು ಬು ಪಲುಪಿಯವರ ವೃತ್ತ. ಪರದೇಲಿ ಹಿಡಿಸ್ತಿಲ್ಲ. ತಾಳಿ, ಚಿಕ್ಕದು ಮಾಡ್ತೀನಿ.”

ಚಿಕ್ಕದು ಮಾಡಿದರೂ ಅದು ಮೊರದಷ್ಟಿತ್ತು. ಪಾಕ್ ಪಾರ್ತೊನೊ ಕುರ್ಚಿಯಲ್ಲಿ ಕುಸಿದರು. “ಯಾವನೋ ಇದು ಮಾಡಿದ್ದು?”

“ನೀವೇ ಪಾಕ್. ನಿಮ್ಮ ಐದು ಲೇಖನ, ನಿಮ್ಮ ಹುಡುಗರ ಹನ್ನೊಂದು. ಅದನ್ನ ನೋಡಿ ಜಗಳ ಏನೂಂತ ತಿಳ್ಕೊಳ್ಳೋಕೆ ಬಂದ ಹೊರಗಿನವರು ನೂರ ಎಪ್ಪತ್ತು.”

“ಅಲ್ಲಯ್ಯಾ, ನಾನು ಬೈದಿದೀನಿ!”

“ಬೈದ್ರೂ ಒಂದೇ, ಹೊಗಳಿದ್ರೂ ಒಂದೇ ಪಾಕ್. ಕಂಪ್ಯೂಟರು ಹೆಸರು ಎಣಿಸುತ್ತೆ. ಮುಖ ನೋಡಲ್ಲ.” ಗಿಲಾಂಗ್ ಅವರ ಭುಜ ಮುಟ್ಟಿದ. “ಬೇಜಾರು ಮಾಡ್ಕೋಬೇಡಿ. ನೋಡಿ, ಈ ಸಲ ನೀವೂ ಇದೀರಿ.”

ಇದ್ದರು. ಮೊರದ ಪಕ್ಕಕ್ಕೆ ಅಂಟಿಕೊಂಡು ನೆಲ್ಲಿಕಾಯಿಯಷ್ಟು ಒಂದು ವೃತ್ತ: ಪಾರ್ತೊನೊ. ಅದರಿಂದ ಪಲುಪಿಯ ಎದೆಗೆ ನೇರವಾಗಿ ಒಂದು ಕೆಂಪು ಗೆರೆ. ಇಡೀ ನಕ್ಷೆಯಲ್ಲಿ, ತುರ್ಕಿ ಕೊರಿಯಗಳನ್ನೂ ಸೇರಿಸಿ, ಅಷ್ಟು ದಪ್ಪದ ಗೆರೆ ಇನ್ನೊಂದಿರಲಿಲ್ಲ.

ಅದೇ ವಾರ ಬು ಪಲುಪಿಗೆ ಪ್ರೊಫೆಸರ್ ಪದವಿಯ ಆದೇಶ ಬಂತು. ಡೀನರು ಸಂತೋಷ ತಡೆಯಲಾರದೆ ನಕ್ಷೆಯನ್ನು ಬಾಗಿಲಗಲ ಅಚ್ಚು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದರು. ಪಾಕ್ ಪಾರ್ತೊನೊ ಅವರನ್ನು ಅದರ ಮುಂದೆ ನಿಲ್ಲಿಸಿ, “ಕಿರಿಯರೊಬ್ಬರಿಗಾಗಿ ಇಷ್ಟು ದುಡಿದ ಹಿರಿಯರನ್ನ ನಾನು ನೋಡೇ ಇಲ್ಲ,” ಎಂದು ಕೈ ಕುಲುಕಿ, ಫೋಟೊ ತೆಗೆಸಿ, ವಾಟ್ಸಾಪಿಗೆ ಹಾಕಿದರು.

ಆ ಫೋಟೊ ಬು ವಿನಾರ್ಸಿಯ ಫೋನಿಗೆ ಬಂದಾಗ ಅದರ ಕೆಳಗೆ ಡೀನರ ಹೆಂಡತಿಯ ಒಂದು ಸಾಲಿತ್ತು: ‘ಇಡೀ ಲೋಕದಲ್ಲೇ ಅತಿ ಗಟ್ಟಿಯಾದ ಸಂಬಂಧವಂತೆ! ಅಭಿನಂದನೆಗಳು ಬು ವಿನಾರ್ಸಿ.’

ಬು ವಿನಾರ್ಸಿ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು. ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಹೆಂಗಸಿನ ಹೆಸರು, ನಡುವೆ ಹಗ್ಗದಂಥ ಕೆಂಪು ಗೆರೆ. ಆ ಹೆಂಗಸಿಗೆ ಇನ್ನೂ ಮದುವೆಯಾಗಿರಲಿಲ್ಲ.

ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಫೋನು ಅವರ ಮೂಗಿಗೆ ಬಂತು. “ಏನ್ ಪಾಕ್ ಇದು?”

“ಅದು ನಕ್ಷೆ.”

“ನಕ್ಷೆ ಅಂತ ಗೊತ್ತು. ಈ ಹಗ್ಗ ಏನು?”

“ಅದು ಹಗ್ಗ ಅಲ್ಲ ಕಣೇ, ಸಂಬಂಧ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. “ಅಂದ್ರೆ, ಸಂಬಂಧ ಅಂದ್ರೆ ಅಂಥಾ ಸಂಬಂಧ ಅಲ್ಲ. ನಾನು ಅವಳನ್ನ ಇನ್ನೂರು ಸಲ ಮಾತ್ರ...”

“ಇನ್ನೂರು ಸಲ?”

“ಉಲ್ಲೇಖ ಮಾಡಿದೀನಿ!”

“ನಾನು ನಿಮ್ಮ ಕೈಹಿಡಿದು ಇಪ್ಪತ್ತಾರು ವರ್ಷ ಆಯ್ತು. ನನ್ನ ಎಷ್ಟು ಸಲ ಉಲ್ಲೇಖ ಮಾಡಿದೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬು ವಿನಾರ್ಸಿ ಕೆಬುಮೆನ್ನಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದರು.

ಭಾನುವಾರ ಬೆಳಿಗ್ಗೆ ಕೇರಿಯವರೆಲ್ಲ ಸೇರಿ ಚರಂಡಿ ತೆಗೆಯುವ ಪದ್ಧತಿ. ಅಂದು ಚರಂಡಿ ಮಾತ್ರ ತೆಗೆದರೆಂದು ಹೇಳಲಾಗದು. ಪಾಕ್ ಪಾರ್ತೊನೊ ಸಲಿಕೆ ಹಿಡಿದು ಬರುತ್ತಲೇ ಎಲ್ಲರ ಸಲಿಕೆಗಳೂ ನಿಂತವು. ಕೇರಿಯ ಮುಖ್ಯಸ್ಥ ಪಾಕ್ ಜುಮೇರಿ, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇನ್ನೊಬ್ಬರ ವಿಷಯ ತಿಳಿಯುವ ಅಭ್ಯಾಸದಿಂದ ನಿವೃತ್ತರಾಗದವರು, ಬೂಟಿನ ಕೆಸರು ಕೊಡವಿಕೊಂಡು ಹತ್ತಿರ ಬಂದರು.

“ಪಾಕ್, ಕಾರಿಡಾರಿನಲ್ಲೇ ತೂಗುಹಾಕಿದಾರಂತೆ?”

“ಹೌದು.”

“ಕಾಲೇಜಿನವರಿಗೂ ಒಪ್ಪಿಗೆ ಅನ್ನಿ. ನಮ್ಮ ಕಾಲದಲ್ಲಿ ಇಂಥಾದ್ದನ್ನ ಬಚ್ಚಿಡ್ತಿದ್ರು.”

“ಅದು ಸಂಶೋಧನೆ ಪಾಕ್!”

“ನಾನು ಏನೂ ಅಂದಿಲ್ಲಪ್ಪ. ಕೇರಿ ಶಾಂತವಾಗಿರ್ಬೇಕು, ಅಷ್ಟೇ ನಂದು. ನಿಮ್ಮ ಭಾವ ಬಸ್ಸು ಹತ್ತಿದಾರಂತೆ. ಹನ್ನೊಂದು ಗಂಟೆಗೆ ನಮ್ಮನೇಲಿ ಕೂತು ಮಾತಾಡೋಣ. ನನ್ನ ಹೆಂಡತಿ ತೆಂಪೆಗೆ ಹಿಟ್ಟು ಕಲಸಿಯಾಗಿದೆ.”

ಹನ್ನೊಂದಕ್ಕೆ ಪಾಕ್ ಜುಮೇರಿಯವರ ಮುಂದಿನ ಕೋಣೆಯಲ್ಲಿ ಪಂಚಾಯಿತಿ ಕೂತಿತು. ಒಂದು ಕಡೆ ಬು ವಿನಾರ್ಸಿ, ಅವರ ಪಕ್ಕ ಅಣ್ಣ ಹರ್ತೋಯೊ. ಕೆಬುಮೆನ್ನಿನಲ್ಲಿ ಭತ್ತದ ಗಿರಣಿ ಇಟ್ಟಿರುವ, ಕಡಿಮೆ ಮಾತಿನ, ಅಗಲ ಕೈಗಳ ಮನುಷ್ಯ. ಇನ್ನೊಂದು ಕಡೆ ಪಾಕ್ ಪಾರ್ತೊನೊ, ತೊಡೆಯ ಮೇಲೆ ದಾರ ಕಟ್ಟಿದ ಕಾಗದದ ಕಂತೆ. ಕಿಟಕಿಯ ಆಚೆ ಮಿಕ್ಕ ಕೇರಿ.

“ನಾನು ಅವಳನ್ನ ದ್ವೇಷಿಸ್ತೀನಿ,” ಎಂದು ಪಾಕ್ ಪಾರ್ತೊನೊ ಶುರು ಮಾಡಿದರು. “ಸಾಕ್ಷಿ ಸಮೇತ ತೋರಿಸ್ತೀನಿ. ಕೇಳಿ. ‘ಪಲುಪಿಯವರ ಮೂರನೆಯ ಲೇಖನದ ಏಳನೆಯ ಪುಟದ ಅಳತೆ ಅಕ್ಷಮ್ಯ.’ ಅಕ್ಷಮ್ಯ ಅಂತ ಬರೆದಿದೀನಿ ಭಾವ! ಇದು ಕೇಳಿ. ‘ಒಂಬತ್ತನೆಯದರಲ್ಲಿ ಒಂದು ಮಗುವೇ ಕಾಣೆ.’”

“ಮಗು?” ಎಂದರು ಹರ್ತೋಯೊ. ಅಂದು ಅವರಾಡಿದ ಮೊದಲ ಮಾತು ಅದು. ಕಿಟಕಿಯ ತಲೆಗಳೆಲ್ಲ ಒಳಗೆ ಬಗ್ಗಿದವು.

“ಕೋಷ್ಟಕದಲ್ಲಿ ಭಾವ! ಕೋಷ್ಟಕದಲ್ಲಿ!”

ಪಾಕ್ ಜುಮೇರಿ ಕಂತೆಯನ್ನು ಕೈಗೆ ತೆಗೆದುಕೊಂಡು ಹಾಳೆ ತಿರುವಿದರು. ಪ್ರತಿ ಸಾಲಿನ ಕೆಳಗೂ ಕೆಂಪು ಗೀಟು, ಅಂಚಿನಲ್ಲಿ ಕೆಂಪು ಅಕ್ಷರ, ಕೆಲವು ಕಡೆ ಎರಡು ಆಶ್ಚರ್ಯಸೂಚಕ ಚಿಹ್ನೆ. ಅಂಚೆಯವರು ಬಹಳ ಜನರ ಬಹಳ ಕಾಗದಗಳನ್ನು ನೋಡಿದವರು. ನಿಧಾನವಾಗಿ ತಲೆ ಎತ್ತಿ ಹೇಳಿದರು. “ಪಾಕ್, ತಪ್ಪು ತಿಳ್ಕೋಬೇಡಿ. ನನ್ನ ಹೆಂಡ್ತಿ ಬರೆದುಕೊಡೋ ಸಾಮಾನಿನ ಪಟ್ಟೀನ ನಾನು ಯಾವತ್ತೂ ಇಷ್ಟು ಗಮನ ಇಟ್ಟು ಓದಿಲ್ಲ.”

“ಅದೂ ನಿಜಾನೇ,” ಎಂದು ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. “ನಿನ್ನೆ ಬೆಳ್ಳುಳ್ಳಿ ತರಲಿಲ್ಲ.”

ಬು ವಿನಾರ್ಸಿ ಅಷ್ಟು ಹೊತ್ತು ಬಿಗಿಯಾಗಿ ಕೂತಿದ್ದವರು ಈಗ ಅಳತೊಡಗಿದರು. “ಎರಡು ವರ್ಷ ಊಟಕ್ಕೆ ಕೂತ್ರೂ ಪಲುಪಿ, ಎದ್ರೂ ಪಲುಪಿ. ಪಲುಪಿ ಹಿಂಗೆ ಬರೆದಳು, ಪಲುಪಿ ಹಂಗೆ ಅಳೆದಳು. ಬೈಯ್ತಾ ಇದಾರೆ ಬಿಡು ಅಂತ ಸುಮ್ನಿದ್ದೆ. ಹಂಗೆ ಬೈಸ್ಕೊಳ್ಳೋ ಭಾಗ್ಯಾನೂ ನನಗಿಲ್ವಲ್ಲ ಅಣ್ಣಾ! ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತಾನೂ ಈ ಮನುಷ್ಯ ಎರಡು ವರ್ಷದಿಂದ ಅಂದಿಲ್ಲ.”

ಪಾಕ್ ಪಾರ್ತೊನೊ ಹೆಂಡತಿಯ ಕಡೆ ತಿರುಗಿದರು. ಉಪ್ಪು ಜಾಸ್ತಿಯಾಗಿತ್ತೋ ಇಲ್ಲವೋ ಎಂಬುದು ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಹೆಂಡತಿ ಹೀಗೆ ನಾಲ್ಕು ಜನರ ಮುಂದೆ ಅತ್ತದ್ದನ್ನು ಅವರು ಮಾವ ತೀರಿಕೊಂಡ ದಿನ ನೋಡಿದ್ದರು, ಅಷ್ಟೇ. ಈಗ ಅವರಿಗೆ ಭಯವಾಯಿತು. ಹರ್ತೋಯೊ ಅವರ ಕೈಗಳನ್ನು ನೋಡಿ ಸ್ವಲ್ಪ, ಹೆಂಡತಿಯ ಮುಖ ನೋಡಿ ಬಹಳ.

ಆಗಲೇ ಕಿಟಕಿಯ ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ಬಾಗಿಲಲ್ಲಿ ಬು ಪಲುಪಿ ನಿಂತಿದ್ದರು. ಒಂದು ಕೈಯಲ್ಲಿ ಆಮಂತ್ರಣ ಪತ್ರ, ಇನ್ನೊಂದರಲ್ಲಿ ಹಳೆಯ ಹಳದಿ ಕಡತ.

“ಮನೆಗೆ ಹೋಗಿದ್ದೆ ಪಾಕ್. ಬೀಗ ಇತ್ತು. ಎಲ್ಲರೂ ಇಲ್ಲಿದೀರಿ ಅಂತ ಪಕ್ಕದ ಮನೆಯವರು ಕಳಿಸಿದ್ರು. ಏನಾದ್ರೂ ಸಮಾರಂಭಾನಾ?”

ಹರ್ತೋಯೊ, ಇದೇ ಆ ಹಗ್ಗದ ಇನ್ನೊಂದು ತುದಿ ಎಂದು ತಿಳಿದು, ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡರು.

ಬು ಪಲುಪಿ ಅದೊಂದನ್ನೂ ಗಮನಿಸದೆ ಮೊದಲು ಬು ವಿನಾರ್ಸಿಯ ಬಳಿ ಬಾಗಿ ಅವರ ಕೈಯನ್ನು ಹಣೆಗೊತ್ತಿಕೊಂಡರು, ತಾಯಿಗೆ ಮಾಡುವ ಹಾಗೆ. ಆಮೇಲೆ ಗುರುವಿನ ಕೈಯನ್ನು. “ಬರೋ ಗುರುವಾರ ನನ್ನ ಪದವಿ ಸ್ವೀಕಾರ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂರ್ಬೇಕು. ಬು, ನಿಮ್ಮ ಯಜಮಾನ್ರನ್ನ ಕಂಡ್ರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ನಡುಕ. ಮಲಗಿದ್ರೆ ಕನಸಲ್ಲಿ ಬ್ಯುರೆಟ್ಟು ಹಿಡ್ಕೊಂಡು ಬರ್ತಾರೆ.”

ಬು ವಿನಾರ್ಸಿ ಹೊದ್ದ ವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ಆಕೆಯನ್ನು ತಲೆಯಿಂದ ಕಾಲಿನವರೆಗೆ ಅಳೆದರು. ನಡುಕ ನಿಜವಾದದ್ದೇ ಎಂದು ಹೆಂಗಸಿನ ಕಣ್ಣಿಗೆ ತಿಳಿಯಿತು.

“ನೀವು ಬರೆದ ಇಪ್ಪತ್ತಮೂರು ದೋಷದಲ್ಲಿ ಹತ್ತೊಂಬತ್ತು ಸರಿಯಾಗಿದ್ವು ಪಾಕ್. ತಿದ್ದಿಕೊಂಡೆ. ಕಾಣೆಯಾದ ಮಗು ಜ್ವರ ಬಂದು ಮನೆಗೆ ಹೋಗಿತ್ತು. ನನ್ನ ಲೇಖನ ಇಡೀ ಲೋಕದಲ್ಲಿ ಪೂರ್ತಿ ಓದಿದವರು ಒಬ್ಬರೇ, ನೀವು. ಮಿಕ್ಕವರೆಲ್ಲ ಮೊದಲ ಪುಟ ಓದಿ ಉಲ್ಲೇಖಿಸಿದಾರೆ.” ಆಕೆ ಹಳದಿ ಕಡತವನ್ನು ಬಿಚ್ಚಿದರು. “ಇದನ್ನೂ ತಂದೆ. ನಾಲ್ಕನೇ ಪ್ರಯೋಗ. ನೆನಪಿದ್ಯಾ?”

ಹತ್ತೊಂಬತ್ತು ವರ್ಷದ ಹಾಳೆ. ಮೂಲೆಯಲ್ಲಿ ಶಂಖಪುಷ್ಪದ ನೀಲಿ ಕಲೆ. ಕೆಳಗೆ ಕೆಂಪು ಶಾಯಿಯಲ್ಲಿ ಐವತ್ತೈದು. ಅದರ ಕೆಳಗೆ ಅದೇ ಕೈಯ ಎರಡು ವಾಕ್ಯ: ‘ವಿಧಾನ ಬಿಟ್ಟು ನಡೆದಿದ್ದೀ. ಆದರೆ ಬಣ್ಣ ಸರಿಯಾಗಿ ಬಂದಿದೆ.’

ಪಾಕ್ ಜುಮೇರಿ ಗಟ್ಟಿಯಾಗಿ ಓದಿ ಹೇಳಿದರು, ಕಿಟಕಿಯವರಿಗೂ ಕೇಳಲಿ ಎಂದು.

“ನಪಾಸು ಮಾಡಿದ್ರಿ. ಅಳ್ತಾ ಮನೆಗೆ ಹೋದೆ,” ಎಂದರು ಬು ಪಲುಪಿ. “ಎರಡನೇ ವಾಕ್ಯ ಆಮೇಲೆ ಕಣ್ಣಿಗೆ ಬಿತ್ತು. ಬಣ್ಣ ಸರಿಯಾಗಿ ಬಂದಿದ್ರೆ ವಿಧಾನ ಯಾಕೆ ಒಂದೇ ಇರ್ಬೇಕು ಅಂತ ಯೋಚ್ನೆ ಹತ್ತಿತು. ಈ ಹದಿನಾಲ್ಕು ಲೇಖನಾನೂ ಅಲ್ಲಿಂದಲೇ ಬಂದಿದ್ದು ಪಾಕ್.”

ಪಾಕ್ ಪಾರ್ತೊನೊಗೆ ಆ ಎರಡನೆಯ ವಾಕ್ಯ ಬರೆದದ್ದು ನೆನಪೇ ಇರಲಿಲ್ಲ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅಕ್ಷರ ಮಾತ್ರ ಅವರದೇ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಹದಿನಾಲ್ಕು ಲೇಖನಗಳಲ್ಲಿ ದೋಷ ಹುಡುಕಿದವರಿಗೆ ಎಲ್ಲದರ ಮೂಲದೋಷ ತಾವೇ ಎಂದು ತಿಳಿದರೆ ಹೇಗಾಗಬೇಕೋ ಹಾಗಾಯಿತು. ತೆಂಪೆಯ ಖಾರ ಎಂದು ಹೇಳಿ ನೀರು ಕೇಳಿದರು. ತೆಂಪೆ ಇನ್ನೂ ಬಂದಿರಲಿಲ್ಲ.

ಹರ್ತೋಯೊ ಎದ್ದು ನಿಂತರು. “ಇದಕ್ಕಾ ನಾನು ಮೂರು ಗಂಟೆ ಬಸ್ಸಲ್ಲಿ ಬಂದಿದ್ದು?” ಎಂದು ತಂಗಿಯನ್ನು ಕೇಳಿದರು. ಆಮೇಲೆ ತೆಂಪೆ ಬಂದಿತಾದ್ದರಿಂದ ಮತ್ತೆ ಕೂತರು.

ಗುರುವಾರ ಗೇಟಿನ ಮುಂದೆ ಮೂವತ್ತೊಂದು ಹಲಗೆ ನಿಂತಿದ್ದವು. ಪಾಕ್ ಪಾರ್ತೊನೊ ಎರಡು ಸಲ ಎಣಿಸಿದರು. ಹೊಟ್ಟೆ ಉರಿಯಿತು, ಇಲ್ಲವೆನ್ನಲಾಗದು. ಆದರೆ ಈ ಸಲದ ಉರಿಯಲ್ಲಿ ಆ ಮೂವತ್ತೊಂದರಲ್ಲಿ ತಮಗೂ ಒಂದು ಪಾಲಿದೆ ಎಂಬ ಲೆಕ್ಕವಿತ್ತು. ಮುಂದಿನ ಸಾಲಿನಲ್ಲಿ ಕೂತು ಅವರು ಕೈ ತಟ್ಟಿದ್ದನ್ನು ಗಿಲಾಂಗ್ ಕಂಡಿದ್ದಾನೆ.

ಮರುದಿನ ಬೆಳಿಗ್ಗೆ ಅವರ ಓಣಿಗೆ ಒಂದು ಪಿಕಪ್ ಗಾಡಿ ಬಂದು, ಮನೆಯ ಮುಂದೆ ಒಂದು ಹೂಹಲಗೆ ನಿಲ್ಲಿಸಿ ಹೋಯಿತು. ಕನ್ನಡಕವಿಲ್ಲದೆ ಹೊರಗೆ ಬಂದಿದ್ದ ಪಾಕ್ ಜುಮೇರಿ ಅದನ್ನು ದೂರದಿಂದ ಕಂಡರು. ಆ ಮನೆಗೆ ಹಲಗೆ ಬರುವುದು ಯಾವ ಕಾರಣಕ್ಕೆಂದು ಕೇರಿಗೆಲ್ಲ ಗೊತ್ತಿತ್ತು. ಹದಿನೈದು ನಿಮಿಷದಲ್ಲಿ ಹನ್ನೆರಡು ಹೆಂಗಸರು ತಲೆಗೆ ವಸ್ತ್ರ ಹೊದ್ದು, ಒಬ್ಬೊಬ್ಬರೂ ಸಾವಿನ ಮನೆಗೆ ಒಯ್ಯುವ ಅಕ್ಕಿಯನ್ನು ಬುಟ್ಟಿಯಲ್ಲಿ ಹಿಡಿದು ಅಂಗಳದಲ್ಲಿ ನಿಂತರು. ಪಾಕ್ ಜುಮೇರಿ ಬಾಡಿಗೆ ಕುರ್ಚಿಗಳಿಗೆ ಹೇಳಿಯೂ ಆಗಿತ್ತು.

“ಎಷ್ಟು ಹೊತ್ತಿಗೆ ಹೋದ್ರು?” ಎಂದು ಒಬ್ಬರು ಬಿಕ್ಕುತ್ತಾ ಕೇಳಿದರು.

“ಎಲ್ಲಿಗೆ?” ಎಂದು ಕೇಳುತ್ತಾ ಪಾಕ್ ಪಾರ್ತೊನೊ ಬನಿಯನ್ನಿನಲ್ಲಿ ಹೊರಗೆ ಬಂದರು.

ಇಬ್ಬರು ಕಿರುಚಿದರು. ಮಿಕ್ಕವರು ಆಗ ಹಲಗೆಯನ್ನು ಓದಿದರು: ‘ಮೊದಲ ಗುರು ಪಾಕ್ ಪಾರ್ತೊನೊ ಅವರಿಗೆ ಕೃತಜ್ಞತೆಗಳು. ಪಲುಪಿ.’ ಅಕ್ಷರಗಳ ಸುತ್ತ ಶಂಖಪುಷ್ಪದ ನೀಲಿ ಚೌಕಟ್ಟು. ತಂದ ಅಕ್ಕಿಯನ್ನು ವಾಪಸ್ ಒಯ್ಯಬಾರದೆಂದು ಪಾಕ್ ಜುಮೇರಿ ತೀರ್ಪು ಕೊಟ್ಟರು. ಬಂದ ಕುರ್ಚಿಗಳಲ್ಲಿ ಕೂತು ಎಲ್ಲರೂ ಚಹಾ ಕುಡಿದರು. ಪಾಕ್ ಪಾರ್ತೊನೊ ಹಲಗೆಯ ಉದ್ದವನ್ನು ಗೇಣಿನಲ್ಲಿ ಮೂರು ಸಲ ಅಳೆದರು. ಪಲುಪಿಗೆ ಬಂದವಕ್ಕಿಂತ ಒಂದು ಗೇಣು ಚಿಕ್ಕದು. ಹೇಳಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಒಳಗೆ ಬಂದಾಗ ಬು ವಿನಾರ್ಸಿ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದರು. ಗಿಲಾಂಗನಿಂದ ಒಂದು ಪ್ರತಿ ತರಿಸಿಕೊಂಡಿದ್ದರು. ಕೈಯಲ್ಲಿ ಗಂಡನದೇ ಕೆಂಪು ಪೆನ್ನು. ನೆಲ್ಲಿಕಾಯಿಯ ಇನ್ನೊಂದು ಪಕ್ಕದಲ್ಲಿ, ಪಲುಪಿಗಿಂತಲೂ ಹತ್ತಿರದಲ್ಲಿ, ಅನ್ನದ ಬಟ್ಟಲು ಬೋರಲು ಹಾಕಿ ಒಂದು ವೃತ್ತ ಎಳೆದಿದ್ದರು. ಒಳಗೆ ತಮ್ಮ ಹೆಸರು. ಈಗ ಅದರಿಂದ ಗಂಡನ ವೃತ್ತಕ್ಕೆ ಗೆರೆ ಎಳೆಯುತ್ತಿದ್ದರು, ಒಂದರ ಮೇಲೊಂದು, ಕಾಗದ ಹರಿಯುವ ಹಾಗೆ. ಪಲುಪಿಯ ಗೆರೆಗಿಂತ ಮೂರು ಪಟ್ಟು ದಪ್ಪವಾದ ಮೇಲೆ ಪೆನ್ನು ಕೆಳಗಿಟ್ಟರು.

“ನೋಡಿ. ಸರಿ ಇದ್ಯಾ?”

ಉಲ್ಲೇಖವಿಲ್ಲ, ಆಧಾರವಿಲ್ಲ, ಅಳತೆಯಿಲ್ಲ. ಪಾಕ್ ಪಾರ್ತೊನೊ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು, ಇಪ್ಪತ್ತನಾಲ್ಕು ವರ್ಷಗಳ ಅಭ್ಯಾಸದ ಹಾಗೆ ಅಂಚಿನಲ್ಲಿ ಬರೆದರು: ‘ವಿಧಾನ ಬಿಟ್ಟು ನಡೆದಿದ್ದೀ. ಆದರೆ ಬಣ್ಣ ಸರಿಯಾಗಿ ಬಂದಿದೆ.’

ಬು ವಿನಾರ್ಸಿ ಓದಿಕೊಂಡು, “ಅಂಕ?” ಎಂದರು.

ಪಾಕ್ ಪಾರ್ತೊನೊ ಸ್ವಲ್ಪ ಯೋಚಿಸಿ ಐವತ್ತಾರು ಎಂದು ಬರೆದರು.

“ಅವಳಿಗಿಂತ ಒಂದು ಜಾಸ್ತಿ ತಾನೇ?”

“ಒಂದು ಜಾಸ್ತಿ.”

“ಹಂಗಾದ್ರೆ ಬನ್ನಿ, ಊಟಕ್ಕೆ ಏಳಿ,” ಎಂದರು ಬು ವಿನಾರ್ಸಿ. “ಸಾರಿಗೆ ಉಪ್ಪು ಜಾಸ್ತಿ ಹಾಕಿದೀನಿ. ಸುಮ್ನೆ ತಿಂದು ಎದ್ದೀರಿ, ಜೋಕೆ!”